ಬಾಲವನದ ಹಿರಿಯ

ಮನೆಯ ಹಿರಿಯರೆಂದರೆ ಕಟ್ಟಳೆಗಳನ್ನು ಕಾಯುವವರು ಎಂಬುದು ರೂಢಿಯ ತಿಳಿವಳಿಕೆ. ಕೋಟದಲ್ಲಿ 1902ರಲ್ಲಿ ಹುಟ್ಟಿ, ಪುತ್ತೂರಿನ ಬಾಲವನದಲ್ಲಿ ಸಂಸಾರ ಹೂಡಿದ ಶಿವರಾಮ ಕಾರಂತರು ಆ ತಿಳಿವಳಿಕೆಗೆ ಒಗ್ಗದ ಹಿರಿಯರು. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದ ಅವರು ಮೂಕಿ ಚಿತ್ರ ತೆಗೆದರು, ನಾಟಕ ಆಡಿಸಿದರು, 1936ರಲ್ಲಿ ಜಾತಿಯ ಗೆರೆ ದಾಟಿ ಲೀಲಾ ಆಳ್ವರನ್ನು ಕೈಹಿಡಿದರು, ಮತ್ತು ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟರು.

ಆದರೆ ಈ 'ಹುಚ್ಚು', ಮನಸ್ಸಿಗೆ ಬಂದಂತೆ ಅಲೆಯುವ ಚಪಲವಾಗಿರಲಿಲ್ಲ. ಬೇಡವೆಂದು ಬಿಟ್ಟದ್ದರ ಜಾಗದಲ್ಲಿ ತಮ್ಮ ದುಡಿಮೆಯಿಂದ ಬೇರೊಂದನ್ನು ನಿಲ್ಲಿಸುವ ಹಟವಾಗಿತ್ತು. ಶಾಲೆಯ ಉರುಹೊಡೆಯುವ ಪಾಠ ಒಪ್ಪಿಗೆಯಾಗದಿದ್ದಾಗ ಅವರು ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಒಬ್ಬರೇ ಬರೆದರು. ಯಕ್ಷಗಾನದಲ್ಲಿಯೂ ಹಾಗೆಯೇ. ಅರ್ಥಗಾರಿಕೆಯನ್ನು, ಎಂದರೆ ಭಾಗವತರ ಪದ್ಯಕ್ಕೆ ವೇಷಧಾರಿಯು ರಂಗದ ಮೇಲೆಯೇ ಹೊಸೆದು ಆಡುವ ಮಾತನ್ನು, ತಮ್ಮ ಪ್ರಯೋಗಗಳಲ್ಲಿ ಕೈಬಿಟ್ಟು, ಇರುಳಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಚೆಂಡೆ ಮದ್ದಳೆಗಳ ಜತೆಗೆ ಪಿಟೀಲು, ಸ್ಯಾಕ್ಸೊಫೋನುಗಳನ್ನು ಕೂಡಿಸಿದ ಅವರೇ, ಬಡಗುತಿಟ್ಟಿನ, ಅಂದರೆ ಉತ್ತರದ ಸಂಪ್ರದಾಯದ, ಹಳೆಯ ವೇಷಭೂಷಣ ಕೆಡಬಾರದೆಂದು ಪಟ್ಟು ಹಿಡಿದರು. ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು ಎಂಬ ಆ ವಿವೇಕವು ಮೇಳಗಳನ್ನು ಸುತ್ತಿ, ಹಳೆಯ ಕಲಾವಿದರನ್ನು ಕಂಡು, 'ಯಕ್ಷಗಾನ ಬಯಲಾಟ'ದಂಥ ಗ್ರಂಥ ಬರೆಯುವಷ್ಟು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರ ಫಲ.

ಹೀಗೆ ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಲೋಕಸಭೆಗೆ ಸ್ಪರ್ಧಿಸಿ ಸೋತರು.

ಇಂಥ ಹಿರಿಯರ ಆಸ್ತಿ ಹೊಲಮನೆಗಳಲ್ಲಿ ಉಳಿಯುವುದಿಲ್ಲ, ಮಕ್ಕಳು ಆರಿಸಿಕೊಂಡ ದಾರಿಗಳಲ್ಲಿ ಉಳಿಯುತ್ತದೆ. ಎಂಜಿನಿಯರಿಂಗ್ ಓದಿದ ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನಕ್ಕೆ ಹೊರಳಿದರು, ಮಾಳವಿಕಾ ಕಪೂರ್ ಅವರು ಮಕ್ಕಳ ಮನಶ್ಶಾಸ್ತ್ರದಲ್ಲಿ ದುಡಿದರು. ಇಬ್ಬರೂ ತಂದೆಯ ನಕಲಾಗಲಿಲ್ಲ. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಕುರಿತು ಪುಸ್ತಕ ಬರೆಯಲು ಕುಳಿತ ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು. ಹಿರಿಯರನ್ನು ನೆನೆಯುವುದೆಂದರೆ ಅವರ ಹೆಜ್ಜೆಯ ಮೇಲೆ ಹೆಜ್ಜೆ ಇಡುವುದಲ್ಲ, ತನ್ನ ಹೆಜ್ಜೆಗೆ ತಾನೇ ಹೊಣೆಯಾಗುವುದು.