ನಾಲ್ಕು ಜನರು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೋ ಹಳ್ಳವೋ ತೋಟವೋ ಅಡ್ಡವಾಗಿರುವುದುಂಟು. ಆಷಾಢದ ಮಳೆ ಹಿಡಿಯಿತೆಂದರೆ ನೆರೆಯವನ ಮುಖದರ್ಶನವೇ ದುರ್ಲಭ. ಆದರೂ ಈ ಒಂಟಿಮನೆಗಳಲ್ಲಿ ಮಗಳ ಮದುವೆಯಿಂದ ಹಿಡಿದು ಮಾಡಿಗೆ ಹಂಚು ಹೊದಿಸುವವರೆಗೆ ಯಾವ ಕಾರ್ಯವೂ ‘ನಾಲ್ಕು ಜನ ಏನೆಂದಾರು’ ಎಂಬ ವಿಚಾರಣೆಯನ್ನು ದಾಟದೆ ನಡೆಯದು. ಕಣ್ಣಿಗೆ ಕಾಣದ ಈ ನಾಲ್ವರಿಗೆ ಇರುವಷ್ಟು ಅಧಿಕಾರವು ತಾಲ್ಲೂಕು ಕಚೇರಿಗೂ ಇದ್ದಂತಿಲ್ಲ.

ಹಾಗೆಂದು ಅವರನ್ನು ನಿಂದಿಸಹೊರಡುವುದು ಅವಿವೇಕ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣವೇ ಮದ್ದೆಂದು ತೋರಿಸಿಕೊಟ್ಟರು. ಆದರೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದನ್ನೇ ಅಜ್ಜನಿಂದ ಕಲಿತವನು ಕೃಷಿ ಇಲಾಖೆಯ ಉಪದೇಶವನ್ನು ಕೇಳಿ ನಂಬುವನೇ? ಶ್ರಾವಣ ಕಳೆದ ಮೇಲೂ ಪಕ್ಕದ ತೋಟದ ಕಾಯಿ ಉದುರದೆ ನಿಂತಿದೆಯೆಂಬುದೇ ಅವನಿಗೆ ಪ್ರಮಾಣ. ನೋಡಿ ನಡೆಯುವುದನ್ನು ಕುರಿತನವೆಂದು ಹಳಿಯುವ ಪಟ್ಟಣಿಗರು, ಅಡಿಕೆಯ ಫಸಲು ಒಮ್ಮೆ ಕೆಟ್ಟರೆ ವರ್ಷದ ಅನ್ನವೇ ಹೋಗುವುದೆಂಬುದನ್ನು ಮರೆಯುತ್ತಾರೆ.

ಆದರೆ ಇದೇ ನೋಟವು ಅನ್ಯಾಯಕ್ಕೂ ಕಾವಲು ನಿಲ್ಲಬಲ್ಲುದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಬತ್ತವನ್ನು ಸರ್ಕಾರದ ಅಳತೆಗಿಂತ ಹಿರಿದಾದ ಕೊಳಗದಿಂದ ಅಳೆದುಕೊಳ್ಳುವ ರೂಢಿಯಿದ್ದಿತು. ಕೊಳಗ ದೊಡ್ಡದೆಂಬುದನ್ನು ಅಳೆಯುವವನೂ ಬಲ್ಲ, ಅಳೆಸಿಕೊಳ್ಳುವವನೂ ಬಲ್ಲ, ಕಣದ ಅಂಚಿನಲ್ಲಿ ನಿಂತ ಹುಡುಗನೂ ಬಲ್ಲ. ಆದರೆ ನೆರೆಯ ಒಕ್ಕಲು ಸುಮ್ಮನಿರುವುದನ್ನು ಕಂಡು ಇವನೂ, ಇವನು ಸುಮ್ಮನಿರುವುದನ್ನು ಕಂಡು ಅವನೂ ಬಾಯಿ ಬಿಗಿಹಿಡಿಯಲಾಗಿ, ಆ ಮೌನವೇ ಒಪ್ಪಿಗೆಯ ವೇಷವನ್ನು ಧರಿಸಿ ತಲೆಮಾರುಗಳನ್ನು ಆಳಿತು. ಎಚ್. ಗಣಪತಿಯಪ್ಪನವರು ದೀವರ ಗೇಣಿದಾರರನ್ನು ರೈತಸಂಘದಲ್ಲಿ ಒಂದುಗೂಡಿಸಿದ ಮೇಲೆ, 1951ರಲ್ಲಿ, ಆ ಮೌನ ಒಡೆಯಿತು. ರೈತರು ಸತ್ಯಾಗ್ರಹ ಹೂಡಿ, ಒಡೆಯರ ತಡೆಯನ್ನು ಮೀರಿ ತಂಡ ತಂಡವಾಗಿ ಗದ್ದೆಗಿಳಿದರು, ಸೆರೆಯಾದರು. ಜೂನ್ ತಿಂಗಳಿನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರೆಂಬುದನ್ನು ಚರಿತ್ರೆ ಹೆಮ್ಮೆಯಿಂದ ಹೇಳುತ್ತದೆ. ಆದರೆ ನನಗೆ ತೋರುವಂತೆ, ಅಷ್ಟು ದೊಡ್ಡ ನಾಯಕರು ಸೆರೆಯಾದುದಕ್ಕಿಂತ, ನಿನ್ನೆಯವರೆಗೆ ತನ್ನಂತೆಯೇ ತಲೆ ತಗ್ಗಿಸಿ ನಿಲ್ಲುತ್ತಿದ್ದ ಭಾವನೆಂಟನು ಪೋಲೀಸರ ವ್ಯಾನು ಹತ್ತಿದುದೇ ಒಕ್ಕಲಿನ ಎದೆಗೆ ಹೆಚ್ಚು ಧೈರ್ಯ ತಂದಿರಬೇಕು. ಮರುವರ್ಷದ ಚುನಾವಣೆಯಲ್ಲಿ, ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರಾದ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು ಶಾಸನಸಭೆಗೆ ಹೋದರು. ಆ ನಾಲ್ಕು ಜನ ಪಕ್ಷ ಬದಲಾಯಿಸಿದ್ದರು, ಅಷ್ಟೆ.

ಎಲ್ಲ ಮೇಲ್ಪಂಕ್ತಿಯೂ ಹೀಗೆ ಫಲಿಸುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ವಿವಾಹವನ್ನು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ, ಮಂತ್ರಮಾಂಗಲ್ಯದ ಕ್ರಮದಿಂದ ನೆರವೇರಿಸಿದರು. ಅದನ್ನು ಕೊಂಡಾಡದ ವಿದ್ಯಾವಂತರು ಆ ಸೀಮೆಯಲ್ಲಿ ವಿರಳ. ಆದರೆ ಕೊಂಡಾಡಿದವರಲ್ಲಿ ಬಹುಮಂದಿ ಮಗಳ ಲಗ್ನ ಗೊತ್ತಾದ ಮರುದಿನವೇ ಕಲ್ಯಾಣಮಂಟಪಕ್ಕೆ ಮುಂಗಡ ಕೊಡಲು ಓಡುತ್ತಾರೆ. ಮಹಾಕವಿಯು ಬಹು ದೂರದವನು, ಕೆಳಮನೆಯವರು ಹಾಕಿದ ಚಪ್ಪರವಾದರೋ ಕಣ್ಣ ಮುಂದಿನದು. ಸಾಲ ಮಾಡಿಯಾದರೂ ಹೋಳಿಗೆ ಬಡಿಸಿದವನನ್ನು ನಾನು ಬೈಯಲಾರೆ. ಬಡವನು ಮೊದಲು ಸರಳವಾಗಿ ಮದುವೆ ಮಾಡಿದರೆ ಅದನ್ನು ಯಾರೂ ಆದರ್ಶವೆನ್ನರು, ದಾರಿದ್ರ್ಯವೆನ್ನುವರು. ಆದಕಾರಣ ಹತ್ತಾರು ಎಕರೆ ತೋಟವುಳ್ಳ ಮಹನೀಯರಲ್ಲಿ ನನ್ನ ಬಿನ್ನಹ: ಬರುವ ವೈಶಾಖದಲ್ಲಿ ಮೊದಲ ಸರಳ ವಿವಾಹ ತಮ್ಮ ಮನೆಯಂಗಳದಲ್ಲಿಯೇ ಆಗಲಿ.