ಮೊಗ್ಯಾಂಬೊನ ಗುಂಡಿಗೊಂದು ಕಟಾಂಜನ

ರಜಕ್ಕೆ ಬಂದಿದ್ದ ಮೊಮ್ಮಗನ ಪಕ್ಕ ಕೂತು ಟೀವಿಯಲ್ಲಿ ‘ಮಿಸ್ಟರ್ ಇಂಡಿಯಾ’ ನೋಡುತ್ತಿದ್ದೆ. 1987ರಲ್ಲಿ ಬಿಡುಗಡೆಯಾದಾಗ ನಾನೂ ನಮ್ಮವರೂ ಟಾಕೀಸಿಗೆ ಹೋಗಿ ನೋಡಿಬಂದಿದ್ದ ಚಿತ್ರ. ಮೊಗ್ಯಾಂಬೊ ಆಗಿ ಅಮರೀಶ್ ಪುರಿ ಠೀವಿಯಿಂದ ಕೂತಿದ್ದಾರೆ. ಒಂದು ಅಪ್ಪಣೆ ಕೊಟ್ಟದ್ದೇ ತಡ, ಅವನ ಸೈನಿಕರು ಕುದಿಯುವ ಆಸಿಡ್ ಗುಂಡಿಗೆ ಹಾರಿಬಿಡುತ್ತಾರೆ. ಮೊಮ್ಮಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನಾನು ತಡೆಯಲಾರದೆ, “ಅಲ್ಲವೋ, ಅಷ್ಟು ದೊಡ್ಡ ಗುಂಡಿಗೆ ಸುತ್ತ ಒಂದು ಕಟಾಂಜನವಾದರೂ ಬೇಡವೇನೋ?” ಅಂದುಬಿಟ್ಟೆ.

“ಅಜ್ಜೀ, ಸುಮ್ನೆ ಸಿನಿಮಾ ನೋಡಜ್ಜೀ!”

ಪಾಪ, ಅವನದೇನೂ ತಪ್ಪಿಲ್ಲ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತೆಯಾಗಿದ್ದವಳು ನಾನು. ಹಾಜರಿ ಪುಸ್ತಕ, ರಜೆ ಚೀಟಿಗಳ ಜೊತೆಗೆ ಅಪಘಾತದ ರಿಜಿಸ್ಟರೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ನನ್ನ ಪಾಲಿಗೇ ಬಂದಿದ್ದವು. (ಪೆಟ್ಟಿಗೆಗೆ ಬೀಗ, ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿ. ನಾನು ಊಟಕ್ಕೆ ಮನೆಗೆ ಹೋದ ಹೊತ್ತಿನಲ್ಲಿ ಯಾರೂ ಬೆರಳು ಕುಯ್ದುಕೊಳ್ಳಬಾರದಿತ್ತು!) ವರ್ಷಕ್ಕೊಮ್ಮೆ ಕಾರ್ಖಾನೆ ಇನ್ಸ್‌ಪೆಕ್ಟರು ಬರುವ ಸುದ್ದಿ ಬಂದರೆ ಮದುವೆ ಮನೆಯ ಗಡಿಬಿಡಿ. ಅವರ ಹಿಂದೆ ಫೈಲು ಹಿಡಿದುಕೊಂಡು ತಿರುಗಿ ತಿರುಗಿ ನನ್ನ ಕಣ್ಣೂ ಹಾಗೇ ಪಳಗಿಬಿಟ್ಟಿದೆ. ಈಗ ಯಾವ ಖಳನಾಯಕನ ಅಡ್ಡೆ ಕಂಡರೂ ಮೊದಲು ಹುಡುಕುವುದು ಹೊರಗೆ ಹೋಗುವ ಬಾಗಿಲು ಎಲ್ಲಿದೆ ಅಂತ.

ಆ ಇನ್ಸ್‌ಪೆಕ್ಟರನ್ನು ಒಮ್ಮೆ ಈ ಅಡ್ಡೆಗಳಿಗೇ ಕಳಿಸಬೇಕಿತ್ತು. 1980ರ ‘ಶಾನ್’ ಚಿತ್ರದ ಬೋಳುತಲೆಯ ಶಾಕಾಲ್ ನಡುಗಡ್ಡೆಯಲ್ಲಿ ಸಭೆ ನಡೆಸುತ್ತಾನೆ. ಅವನು ಒಂದು ಗುಂಡಿ ಒತ್ತಿದರೆ ಕೂತವನು ಕುರ್ಚಿಸಮೇತ ಕೆಳಗೆ, ಮೊಸಳೆಯ ಬಾಯಿಗೆ. ಜೇಮ್ಸ್ ಬಾಂಡ್‌ನ ‘ಯು ಓನ್ಲಿ ಲಿವ್ ಟ್ವೈಸ್’ (1967) ಇನ್ನೂ ಅದ್ದೂರಿ. ಖಳನಾಯಕ ಬ್ಲೋಫೆಲ್ಡ್ ಜಪಾನಿನ ಜ್ವಾಲಾಮುಖಿಯೊಂದರ ಹೊಟ್ಟೆಯೊಳಗೆ ರಾಕೆಟ್ಟಿನ ಕಾರ್ಖಾನೆಯನ್ನೇ ಇಟ್ಟುಕೊಂಡಿದ್ದಾನೆ. ಕೆನ್ ಆಡಮ್ ಎನ್ನುವವರು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಆ ಸೆಟ್ಟು ಹಾಕಿದರು, ಅದೊಂದಕ್ಕೇ ಸುಮಾರು ಹತ್ತು ಲಕ್ಷ ಡಾಲರ್ ಖರ್ಚಾಯಿತು. ಅಷ್ಟು ದುಡ್ಡು ಸುರಿದೂ ಬ್ಲೋಫೆಲ್ಡ್‌ನ ಕೋಣೆಯಲ್ಲಿ ಮನುಷ್ಯರನ್ನು ತಿನ್ನುವ ಮೀನಿನ ಕೊಳ, ಅದರ ಮೇಲೆ ಕಾಲಲ್ಲಿ ಒತ್ತಿದರೆ ಮಗುಚುವ ಸೇತುವೆ! ಅವನ ಕೈಕೆಳಗಿನ ಹೆಂಗಸೊಬ್ಬಳು ವಹಿಸಿದ ಕೆಲಸ ಕೆಡಿಸಿದಳೆಂದು ಅಲ್ಲಿಂದಲೇ ನೀರುಪಾಲು. ಮೆಮೊ ಇಲ್ಲ, ವಿಚಾರಣೆ ಇಲ್ಲ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಗ್ರಹವನ್ನೇ ಪುಡಿ ಮಾಡುವ ಯಂತ್ರ ಕಟ್ಟಿದವರು, ಸ್ವಿಚ್ಚು ಹಾಕಲು ಹೋಗುವವನಿಗೆ ತಳ ಕಾಣದ ಪ್ರಪಾತದ ಅಂಚಿನಲ್ಲಿ ಒಂದು ಪಾದವಿಡುವಷ್ಟು ಜಾಗ ಬಿಟ್ಟಿದ್ದಾರೆ. ಹಿಡಿದುಕೊಳ್ಳಲು ಕಂಬಿ ಮಾತ್ರ ಇಲ್ಲ.

ನಾಯಕರದೇನು ಹೆಚ್ಚುಗಾರಿಕೆ? ಬ್ಯಾಟ್‌ಮನ್ ವಾಸ ಬಾವಲಿಗಳ ಗುಹೆಯಲ್ಲಿ. ಬಾವಲಿ ಹಿಕ್ಕೆಯಲ್ಲಿ ಬೆಳೆಯುವ ಒಂದು ಬೂಸು ಉಸಿರಿನೊಂದಿಗೆ ಒಳಗೆ ಹೋದರೆ ಪುಪ್ಪುಸದ ಕಾಯಿಲೆ ಬರುತ್ತದೆ. ಸಾಹುಕಾರ ಮುಖವಾಡ ಹಾಕಿಕೊಳ್ಳುತ್ತಾನೆ, ಅದೂ ಮೂಗು ಬಾಯಿ ಬಿಟ್ಟು. ಮನೆಯ ಮುದುಕ ಆಲ್‌ಫ್ರೆಡ್ ಮಾತ್ರ ಬರಿ ಮುಖದಲ್ಲಿ, ತಟ್ಟೆ ಹಿಡಿದು, ಆ ಕತ್ತಲ ಗುಹೆಗೆ ಇಳಿಯಬೇಕು. ಆ ತಟ್ಟೆ ಕಂಡಾಗಲೆಲ್ಲ ನನಗೆ ಮಹಡಿ ಮೇಲೆ ಓದುವ ಮಕ್ಕಳಿಗೆ ರಾತ್ರಿ ಹಾಲು ಹೊತ್ತೊಯ್ಯುತ್ತಿದ್ದ ನಮ್ಮತ್ತೆಯ ನೆನಪು. ನಮ್ಮ ಕನ್ನಡ ಚಿತ್ರಗಳ ಗೋಡೌನಂತೂ ಬೇಡವೇ ಬೇಡ. ಹೆಸರು ಬರೆಯದ ಡ್ರಮ್ಮುಗಳ ರಾಶಿ, ಪಕ್ಕದಲ್ಲೇ ಬೀಡಿ ಸೇದುವ ರೌಡಿಗಳು, ನಡುವೆ ನಾಯಕನ ತಾಯಿಯನ್ನು ಕಟ್ಟಿಹಾಕುವ ಕಂಬ. ಕೊನೆಗೆ ಎಲ್ಲ ಕಡೆಯೂ ಅಡ್ಡೆ ಢಂ ಎನ್ನುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಒಳಗಿದ್ದ ಸಂಬಳದ ಆಳುಗಳೂ ಯಾರೋ ಮನೆಯಲ್ಲಿ ಕಾಯುವ ಗಂಡಸರೇ ಅಲ್ಲವೆ?

ಗುಂಡಿಯ ವಿಚಾರ ನನಗೆ ಯಾಕಿಷ್ಟು ಹತ್ತಿರ ಎಂಬುದನ್ನೂ ಹೇಳಿಬಿಡುತ್ತೇನೆ. ಆಗ ಜಾರಿಯಲ್ಲಿದ್ದದ್ದು 1948ರ ಕಾರ್ಖಾನೆಗಳ ಕಾಯ್ದೆ. ಅದರ 33ನೆಯ ಸೆಕ್ಷನ್ನೇ ಗುಂಡಿ, ತೊಟ್ಟಿ, ನೆಲದ ತೂತುಗಳ ಮೇಲಿನದು. ಆಳದಿಂದಾಗಲಿ, ಒಳಗಿರುವ ವಸ್ತುವಿನಿಂದಾಗಲಿ ಅಪಾಯ ಬರುವಂಥದ್ದಾದರೆ ಭದ್ರವಾಗಿ ಮುಚ್ಚಿರಬೇಕು, ಇಲ್ಲವೇ ಸುತ್ತ ಬೇಲಿ ಇರಬೇಕು. ನಮ್ಮ ಬಣ್ಣದ ಮನೆಯಲ್ಲಿ ಬಿಸಿ ಕಾಸ್ಟಿಕ್ ನೀರು ಹರಿದು ಬೀಳುವ ಗುಂಡಿಯೊಂದಿತ್ತು. ಅದರ ತಗಡಿನ ಮುಚ್ಚಳ ತುಕ್ಕು ಹಿಡಿದು ಮುರಿದು ನಾಲ್ಕು ತಿಂಗಳಾಗಿತ್ತು. ಹೊಸದು ಬೇಕೆಂದು ಮೇಸ್ತ್ರಿ ಬರೆದುಕೊಟ್ಟಿದ್ದ ಚೀಟಿ ನನ್ನ ಮೇಜಿನ ಮೇಲೇ ಇತ್ತು. ನಾನು ಎರಡು ಸಲ ಒಳಗೆ ಕಳಿಸಿದೆ, ಎರಡು ಸಲವೂ ‘ಮುಂದಿನ ತಿಂಗಳು ನೋಡೋಣ’ ಎಂದು ವಾಪಸು ಬಂತು. ಮೂರನೆಯ ಸಲ ಕಳಿಸಲಿಲ್ಲ.

1989ರ ಒಂದು ರಾತ್ರಿ ಪಾಳಿಯಲ್ಲಿ ಕರೆಂಟು ಹೋಯಿತು. ನೂಲಿನ ಕಟ್ಟು ಹೊತ್ತಿದ್ದ ಹುಡುಗನೊಬ್ಬನ ಎಡಗಾಲು ಆ ಗುಂಡಿಗಿಳಿದು ಮೊಣಕಾಲಿನವರೆಗೆ ಬೆಂದುಹೋಯಿತು. ಮಾರನೆಯ ಬೆಳಿಗ್ಗೆ ರಿಜಿಸ್ಟರ್ ತುಂಬಬೇಕು. ತಾರೀಖು, ವೇಳೆ, ಗಾಯ ಎಲ್ಲ ಬರೆದೆ. ‘ಕಾರಣ’ ಎಂಬ ಕಡೆ ಬಂದಾಗ ಪೆನ್ನು ನಿಂತಿತು. ಮ್ಯಾನೇಜರು ಕಿಟಕಿಯ ಕಡೆ ನೋಡುತ್ತಾ, “ಕಾರ್ಮಿಕನ ಅಜಾಗರೂಕತೆ ಅಂತ ಬರೀರಮ್ಮ” ಅಂದರು. ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಅಲ್ಲಿ ಎಲ್ಲರೂ ಹೊಗಳುತ್ತಿದ್ದರು.

ವಾರ ಕಳೆದು ಅವನ ಹೆಂಡತಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಆಫೀಸಿಗೆ ಬಂದಳು. “ಅಕ್ಕಾ, ಆ ಪುಸ್ತಕದಾಗೆ ಏನು ಬರ್ದವ್ರೆ, ಓದಿ ಯೋಳಿ” ಅಂದಳು. ತಾರೀಖು ಓದಿದೆ, ವೇಳೆ ಓದಿದೆ, ಎಡಗಾಲು ಎಂದು ಓದಿದೆ. ಕಾರಣ ಓದಲಿಲ್ಲ. “ಅಷ್ಟೇನಾ?” ಅಂದಳು. “ಅಷ್ಟೇ” ಅಂದೆ. ಅವಳು ಕೈಮುಗಿದು ಹೋದಳು.

ಆ ಸೋಮವಾರವೇ ಗುಂಡಿಗೆ ಕಬ್ಬಿಣದ ಜಾಲರಿ ಬಂತು. ಬಿಲ್ಲು ಫೈಲಿಗೆ ಸೇರಿಸಿದವಳೂ ನಾನೇ. ಬೆಸುಗೆ ಹಾಕಿದ ಕೂಲಿಯೂ ಸೇರಿ 340 ರೂಪಾಯಿ.