ಮಾಳಿಗೆಗೆ ಮಣ್ಣು

ಮಿರಗ ಹತ್ತಿರ ಬಂತೆಂದರೆ ಸಾಕು, ಬೆಂಗಳೂರಿನಲ್ಲಿ ಕೂತಲ್ಲೇ ನನಗೆ ಸೊಂಟ ನೋಯಲು ಶುರುವಾಗುತ್ತದೆ. ಜೂನ್ ಮೊದಲ ವಾರ ಮಳೆ ಕೂಡುವುದರೊಳಗೆ ಊರಿಗೆ ಹೋಗಿ ಮಾಳಿಗೆಗೆ ಮಣ್ಣು ಹಾಕಬೇಕು. ರಜೆ ಚೀಟಿಯಲ್ಲಿ ಪ್ರತಿ ವರ್ಷ ಅದೇ ಕಾರಣ: ಮನೆ ರಿಪೇರಿ. "ಅದೆಂಥ ಮನೆ ಮಾರಾಯ, ವರ್ಷ ವರ್ಷ ರಿಪೇರಿ?" ಅಂತ ಮಂಗಳೂರಿನ ಸಹೋದ್ಯೋಗಿ ನಗುತ್ತಾನೆ. ಹೆಂಚಿನ ಮನೆಯಲ್ಲಿ ಬೆಳೆದವನಿಗೆ ಹೇಗೆ ಹೇಳೋದು? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಕಡೆ. ಗಜೇಂದ್ರಗಡದ ಹತ್ತಿರ ಗುಡ್ಡಗಳಿವೆ, ಕಲ್ಲಿಗೆ ಬರವಿಲ್ಲ. ಸೂಡಿಯ ಜೋಡುಕಳಸದ ಗುಡಿ 11ನೇ ಶತಮಾನದಿಂದ ನಿಂತಿದೆ, ಕಲ್ಲಿನದು ಬಿಡಿ, ಅದರ ಮಾತೇ ಬೇರೆ. ರೋಣ, ನರಗುಂದದ ಬಯಲಿಗೆ ಬಂದರೆ ಕಣ್ಣು ಹಾಯುವವರೆಗೂ ಎರಿ ಹೊಲ. ಇಲ್ಲಿ ಹಳೇ ಮನೆ ಅಂದರೆ ಮಣ್ಣಿನ ಮನೆ. ಎರಡು ಮೊಳ ದಪ್ಪದ ಗೋಡೆ, ಒಳಗೆ ಕಂಬ, ಕಂಬದ ಮೇಲೆ ಬೋದಿಗಿ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿ ಮೇಲೆ ಚಕ್ಕೆ. ಅದರ ಮೇಲೆ ಮಣ್ಣೋ ಮಣ್ಣು.

ಆ ಮೇಲಿನ ಮಣ್ಣಿನದೇ ಒಂದು ಕಥೆ. ಎಲ್ಲಾ ಮಣ್ಣೂ ನಡೆಯೋದಿಲ್ಲ. ಎರಿ ಮಣ್ಣು ಹಾಕಿದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗೆ ಸೀದಾ ದಾರಿ ಮಾಡಿಕೊಡುತ್ತದೆ. ಬೇಕಾದದ್ದು ಸವಳು ಮಣ್ಣು. ಹೊಲದಲ್ಲಿ ಸವಳು ಬಿದ್ದರೆ ರೈತ ತಲೆ ಮೇಲೆ ಕೈ ಹೊತ್ತು ಕೂಡುತ್ತಾನೆ, ಯಾಕೆಂದರೆ ಅದು ನೀರನ್ನು ಒಳಗೇ ಬಿಡೋದಿಲ್ಲ. ಅದರಲ್ಲಿರುವ ಸೋಡಿಯಂನಿಂದ ಮಣ್ಣಿನ ಕಣಗಳು ನೀರು ಬಿದ್ದೊಡನೆ ಚದುರಿ, ಇದ್ದಬದ್ದ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲಕ್ಕೆ ಶಾಪವಾದ ಆ ಗುಣವೇ ಮಾಳಿಗೆಗೆ ಬೇಕಾದದ್ದು. ಇದನ್ನ ನಮ್ಮಪ್ಪ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಚಿಟಿಕೆ ಮಣ್ಣು ನಾಲಿಗೆ ಮೇಲಿಟ್ಟು ನೋಡಿ "ಹೂಂ, ಇದು ಆಕ್ಕೈತಿ" ಅನ್ನುತ್ತಿದ್ದ.

2009ರ ಸೆಪ್ಟೆಂಬರ್ ಕೊನೆಯ ಮಳೆ ನಮ್ಮ ಕಡೆಯವರಿಗೆ ಮರೆಯುವ ಮಾತೇ ಅಲ್ಲ. ಹಗಲು ರಾತ್ರಿ ಬಿಟ್ಟೂಬಿಡದೆ ಹೊಯ್ದು ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ಅಪ್ಪ ಆ ರಾತ್ರಿಗಳನ್ನು ಗೊಬ್ಬರದ ಚೀಲವನ್ನು ಕೊಪ್ಪಿ ಮಾಡಿ ಹೊದ್ದು ಮಾಳಿಗೆ ಮೇಲೇ ಕಳೆದ. ಕೆಳಗಿನಿಂದ ಅವ್ವ "ಇಲ್ಲಿ ಹನಿ ಬೀಳಾಕತ್ತೈತಿ" ಅಂತ ಕೂಗೋದು, ಮೇಲಿಂದ ಅವನು ಅಲ್ಲಿಗೊಂದು ಬುಟ್ಟಿ ಸವಳು ಸುರಿದು ತುಳಿಯೋದು. ನಮ್ಮ ಮನೆ ಉಳಿಯಿತು.

ಅಪ್ಪ ಹೋದ ಮೇಲೆ ನಾನು ಜಾಣನಾದೆ.

ಪ್ರತಿ ವರ್ಷ ಯಾರು ಓಡಾಡಬೇಕು ಅಂತ 2016ರಲ್ಲಿ ಗೌಂಡಿಯನ್ನು ಕರೆಸಿ ಮಾಳಿಗೆ ಮೇಲೆ ತೆಳುವಾಗಿ ಸಿಮೆಂಟು ಬಡಿಸಿದೆ. ಹೊರಗೋಡೆಗೂ ಸಿಮೆಂಟು ಗಿಲಾಯಿ ಮಾಡಿಸಿ ಹಳದಿ ಬಣ್ಣ ಹೊಡೆಸಿದೆ. 40,000 ರೂಪಾಯಿ ಆಯಿತು. ಕಾಕಾ ಕಟ್ಟೆ ಮೇಲೆ ಕೂತು ನೋಡಿ ಒಂದೇ ಮಾತು ಅಂದಿದ್ದ: "ಲೇ ತಮ್ಮಾ, ಮಣ್ಣು ಉಸುರಾಡ್ಸತೈತಿ, ನೀ ಅದರ ಮೂಗು ಮುಚ್ಚಾಕತ್ತಿ." ಹಳೇ ಮಂದಿ ಹೀಗೇ ಅಂತ ನಕ್ಕೆ.

ಮೂರು ವರ್ಷ ಒಂದು ಹನಿ ಸೋರಲಿಲ್ಲ. ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. 2019ರ ಮಳೆಗಾಲದಲ್ಲಿ ಒಂದು ರಾತ್ರಿ ಅಡಿಗೆ ಮನೆಯ ಗೋಡೆ ಬಿತ್ತು. ಅದರ ಜೊತೆ ಮೂರು ಜಂತಿ, ಮೇಲಿನ ಅಷ್ಟೂ ಮಣ್ಣು. ಅವ್ವ ದಿನಾ ಮಲಗುತ್ತಿದ್ದದ್ದು ಅದೇ ಗೋಡೆಯ ಬುಡಕ್ಕೆ, ಒಲೆ ಬಿಸಿ ಇರುತ್ತದೆ ಅಂತ. ಅವತ್ತು ನನ್ನ ಫೋನಿಗಾಗಿ ಪಡಸಾಲಿಗೆ ಬಂದಿದ್ದಳು, ಸಿಗ್ನಲ್ ಸಿಗೋದು ಅಲ್ಲಿ ಮಾತ್ರ. ಮಾತಾಡಿ ಅಲ್ಲೇ ಕಂಬಳಿ ಹಾಸಿಕೊಂಡು ಮಲಗಿಬಿಟ್ಟಿದ್ದಳಂತೆ. ನಾನು ಅವತ್ತು ಫೋನ್ ಮಾಡಿದ್ದು ಎಂಥದೋ ಬ್ಯಾಂಕಿನ ಪಾಸ್‌ಬುಕ್ಕಿನ ನಂಬರ್ ಕೇಳೋಕೆ.

ಮರುದಿನ ಹೋಗಿ ನೋಡಿದರೆ ಸಿಮೆಂಟಿನ ಪದರ ಹಪ್ಪಳದ ಹಾಗೆ ಇಡಿಯಾಗಿ ಎದ್ದು ನಿಂತಿತ್ತು. ಅದರ ಹಿಂದೆ ಗೋಡೆಯೇ ಇಲ್ಲ, ಕೆಸರು! ಮಣ್ಣು ಬಿಸಿಲಿಗೆ ಕುಗ್ಗುತ್ತದೆ, ತಂಪಿಗೆ ಹಿಗ್ಗುತ್ತದೆ. ಸಿಮೆಂಟು ಹಾಗೆ ಆಡೋದಿಲ್ಲ, ಸೀಳುತ್ತದೆ. ಕೂದಲೆಳೆಯಷ್ಟು ಸೀಳಿನಲ್ಲಿ ಇಳಿದ ನೀರು, ನೆಲದಿಂದ ಏರಿದ ತಂಪು, ಎರಡಕ್ಕೂ ಹೊರಗೆ ಹೋಗಲು ದಾರಿ ಇಲ್ಲ. ಮೂರು ವರ್ಷ ಒಳಗೊಳಗೇ ಕೊಳೆತಿದೆ. ಹನಿ ಬೀಳದ್ದನ್ನು ನೋಡಿ ನಾನು ಖುಷಿಪಟ್ಟಿದ್ದೆನಲ್ಲ, ಅದೇ ಮೋಸ. ಸೋರುವ ಮಾಳಿಗೆ ಕನಿಷ್ಠ ಎಲ್ಲಿ ಸೋರುತ್ತೇನೆ ಅಂತ ಹೇಳುತ್ತದೆ.

ಆ ವರ್ಷದ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ಘೋಷಿಸಿತ್ತು. "ಹೆಂಗೂ ಅರ್ಧಾ ಬಿದ್ದೈತಿ, ಇನ್ನೊಂದು ಮಳಿಗೆ ಉಳಿದಿದ್ದೂ ಬೀಳ್ಲಿ ಬಿಡಣ್ಣಾ" ಅಂದ ತಮ್ಮ. ಸುಳ್ಳು ಯಾಕೆ ಹೇಳಲಿ, ನನಗೂ ಆಸೆಯಾಯಿತು. ಅವ್ವ ಏನೂ ಅನ್ನಲಿಲ್ಲ. ಒಲೆಯನ್ನು ಪಡಸಾಲಿಯ ಮೂಲೆಗೆ ತಂದು ಹೂಡಿ, ರೊಟ್ಟಿ ಬಡಿಯುತ್ತಾ ಕೂತಿದ್ದಳು. ಸ್ವಲ್ಪ ಹೊತ್ತು ಬಿಟ್ಟು "ಕಾಕಾನ ಕರಕೊಂಡ ಬಾ" ಅಂದಳು.

ಕಾಕಾ ಬಂದ. ಹೇಳಿದ್ನಲ್ಲ ಅನ್ನಲಿಲ್ಲ, ಅದು ಅವನ ದೊಡ್ಡತನ. ಮೊದಲು ಮಾಡಿಸಿದ್ದೇ ಸಿಮೆಂಟು ಕೀಳಿಸುವ ಕೆಲಸ. ಎರಡನೇದು ಭಾರ ಇಳಿಸೋದು. ವರ್ಷಾ ಹೊಸ ಮಣ್ಣು ಹಾಕುತ್ತಾರೆ, ಹಳೇದನ್ನು ಕೆತ್ತಿ ತೆಗೆಯೋದು ಮರೆಯುತ್ತಾರೆ. ಲೆಕ್ಕ ಹಾಕಿ ನೋಡಿ: 10 ಅಡಿ, 12 ಅಡಿಯ ಕೋಣೆ ಮೇಲೆ ಒಂದಡಿ ಮಣ್ಣಿದ್ದರೆ 5 ಟನ್ನಿಗೂ ಹೆಚ್ಚು. ನೆನೆದರೆ ಇನ್ನೂ ಜಾಸ್ತಿ. ಅದರ ಕೆಳಗೆ ನಾವು ಮಲಗುತ್ತೇವೆ!

ಆಮೇಲೆ ಕಾಕಾ ಒಂದೊಂದೇ ಜಂತಿಗೆ ಕೊಡಲಿ ಕಾವಿನಿಂದ ತಟ್ಟುತ್ತಾ ಕಿವಿ ಕೊಟ್ಟು ಕೇಳಿದ. ಟಣ್ ಅಂದರೆ ಗಟ್ಟಿ, ದಬ್ ಅಂದರೆ ಒರಲಿ ತಿಂದದ್ದು. ಏಳು ಬದಲಿಸಿದೆವು. ಹೊಸ ಕಟ್ಟಿಗೆ ಅಲ್ಲ, ಓಣಿಯಲ್ಲಿ ಕೆಡವಿದ ಮನೆಯೊಂದರ ಬೇವಿನ ಜಂತಿಗಳು. ಅದೇ ಮನೆಯ ಕೆತ್ತನೆಯ ಕಂಬಗಳು ಮಾತ್ರ ಲಾರಿ ಹತ್ತಿ ಬೆಂಗಳೂರಿಗೆ ಹೋಗಿದ್ದವು, ಯಾವುದೋ ಹೋಟೆಲಿನ ಅಲಂಕಾರಕ್ಕಂತೆ. ಬಿದ್ದ ಗೋಡೆಯ ಮಣ್ಣನ್ನೇ ಮತ್ತೆ ಗುಡ್ಡೆ ಹಾಕಿ, ನೀರು ಬಿಟ್ಟು, ಹೊಟ್ಟು, ಸೆಗಣಿ ಹಾಕಿ ನಾಲ್ಕು ದಿನ ಕೊಳೆಸಿ ತುಳಿದೆವು. ಗೋಡೆಗೆ ಹೊಸದಾಗಿ ಕೊಂಡದ್ದು ಏನೂ ಇಲ್ಲ. ಮಣ್ಣಿನ ಮನೆ ಬಿದ್ದರೂ ಸಾಮಾನು ಅಲ್ಲೇ ಇರುತ್ತದೆ. ಕೊನೆಗೆ ಮಾಳಿಗೆ ಮೇಲೆ ಸವಳು, ದೋಣಿಯ ಕಡೆಗೆ ನೀರು ಹರಿಯುವಂತೆ ಇಳಿಜಾರು ಮಾಡಿ. ಕೈ ಹುಣ್ಣಾಗಿ, ಬೆಂಗಳೂರಿಗೆ ಬಂದು ಹದಿನೈದು ದಿನ ಕೀಬೋರ್ಡು ಮುಟ್ಟುವಾಗೆಲ್ಲ ಅವ್ವನ ನೆನಪು :-)

ಇತ್ತೀಚೆಗೆ ಓದಿದ್ದು: ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ತಾವೋಸ್ ಹತ್ತಿರ ಸ್ಯಾನ್ ಫ್ರಾನ್ಸಿಸ್ಕೋ ದೆ ಅಸೀಸ್ ಅಂತ ಹಳೇ ಮಣ್ಣಿನ ಚರ್ಚಿದೆ. ವರ್ಷಾ ಮೆತ್ತೋದು ಯಾರು ಅಂತ ಅವರೂ 1967ರಲ್ಲಿ ಸಿಮೆಂಟು ಮೆತ್ತಿದರಂತೆ. ಒಳಗೆ ನೀರು ನಿಂತು ಗೋಡೆ ಕೊಳೆತು, 1979ರಲ್ಲಿ ಅದನ್ನೆಲ್ಲ ಕಿತ್ತು ಮತ್ತೆ ಮಣ್ಣಿಗೇ ಬಂದರು. ಈಗ ಬೇಸಿಗೆಗೊಮ್ಮೆ ಊರವರು ಕೂಡಿ ಮಣ್ಣು ಮೆತ್ತುತ್ತಾರೆ. ಕಾಕಾಗೆ ಹೇಳಿದೆ. "ಅಲ್ಲೂ ನಿನ್ನಂಥಾವ ಒಬ್ಬ ಇದ್ದ ಅನ್ನು" ಅಂದ.

ಊರವರು ಕೂಡಿ ಅನ್ನುವುದೇ ನಮ್ಮಲ್ಲಿ ಇಲ್ಲವಾದದ್ದು. ನಮ್ಮ ಓಣಿಯಲ್ಲಿ ಈಗ ಮಾಳಿಗೆ ಹತ್ತುವವರು ನಾವಿಬ್ಬರೇ. ಕಾಕಾಗೆ ನಿಚ್ಚಣಿಕೆ ಹತ್ತೋದು ಆಗೋದಿಲ್ಲ, ಅಂಗಳದಲ್ಲಿ ಖಾಟಿನ ಮೇಲೆ ಕೂತು ಬಯ್ಯುತ್ತಾನೆ, ನಾನು ಮೇಲೆ ತುಳಿಯುತ್ತೇನೆ. ಸವಳು ಯಾವುದು ಅಂತ ನಾಲಿಗೆಗೆ ಇಟ್ಟು ನೋಡುತ್ತೇನೆ, ಇನ್ನೂ ಗೊತ್ತಾಗೋದಿಲ್ಲ. ಅವನ ಕೈಗೇ ಕೊಡಬೇಕು.

ಮೊನ್ನೆ ಮೊದಲ ಮಳೆ ಆಯಿತಂತೆ. ಅವ್ವನ ಫೋನು: "ದೇವರ ಮನಿ ಮೂಲ್ಯಾಗ ಒಂದು ಹನಿ ಬೀಳಾಕತ್ತೈತಿ, ಚರಗಿ ಇಟ್ಟೀನಿ. ಶನಿವಾರ ಬರ್ತೀಯೇನ್?"